ಮುಡಿಯ ಲೆಕ್ಕ, ಗಡ್ಡದ ಲೆಕ್ಕ

ಗಂಡೆಂದು ಹೆಸರಿಟ್ಟು ಬೆಳೆಸಿದ, ಆದರೆ ಹೆಣ್ಣಾಗಿ ಬಾಳುವ ನನ್ನಂಥವರನ್ನು ಜನ ಮೊದಲು ಕೇಳುವುದು ಆಪರೇಷನ್ನಿನ ವಿಚಾರ. ಆಯಿತೇ, ಎಲ್ಲಿ ಆಯಿತು, ಎಷ್ಟು ಖರ್ಚಾಯಿತು ಎಂದು ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತವರೂ ಕೇಳುತ್ತಾರೆ. ಕೂದಲಿನ ಬಗ್ಗೆ ಯಾರೂ ಕೇಳುವುದಿಲ್ಲ. ಹಾಗೆ ನೋಡಿದರೆ ಆಪರೇಷನ್ನು ಸೀರೆಯ ಒಳಗಿನ ಮಾತು. ವೈದ್ಯರ ಹೊರತು ಅದನ್ನು ಯಾರೂ ಕಾಣರು. ತಲೆಯ ಮೇಲೆ ಇರಬೇಕಾದದ್ದು ಇಲ್ಲದಿರುವುದು, ಗದ್ದದ ಮೇಲೆ ಇರಬಾರದ್ದು ಇರುವುದು, ಇವೆರಡನ್ನು ಮಾತ್ರ ಬೀದಿಯೆಲ್ಲ ಕಾಣುತ್ತದೆ. ನಾನು ಸಂತೆಗೆ ಹೋಗಬೇಕೇ, ಮದುವೆಗೆ ಹೋಗಬೇಕೇ, ಇವತ್ತು ಅಂಗಡಿಯ ಬಾಗಿಲು ತೆಗೆಯಬೇಕೇ ಎಂಬುದನ್ನು ಎಷ್ಟೋ ವರ್ಷ ತೀರ್ಮಾನಿಸಿದ್ದು ಈ ಎರಡೇ.

ಸುರಪುರ ಸೀಮೆಯ ಮುದನೂರಿನ ಜೇಡರ ದಾಸಿಮಯ್ಯನ ಒಂದು ವಚನ ನಮ್ಮ ಕಡೆ ಬಹಳ ಜನಕ್ಕೆ ಬಾಯಿಪಾಠ. ಒಬ್ಬರನ್ನು ಹೆಣ್ಣೆಂದೂ ಇನ್ನೊಬ್ಬರನ್ನು ಗಂಡೆಂದೂ ಕರೆಯಲು ಲೋಕ ಹಿಡಿಯುವ ಗುರುತುಗಳನ್ನು ಅವನು ಅಲ್ಲಿ ಎಣಿಸುತ್ತಾನೆ. ನಾಲ್ಕು ಗುರುತುಗಳಲ್ಲಿ ಮೂರು ಕೂದಲೇ: ಮುಡಿ, ಗಡ್ಡ, ಮೀಸೆ. ಒಳಗಿರುವ ಆತ್ಮಕ್ಕೆ ಇದಾವುದೂ ಅಂಟುವುದಿಲ್ಲ ಎಂಬುದು ವಚನದ ತಿರುಳು. ತಿರುಳನ್ನು ಸಭೆಯಲ್ಲಿ ಎಲ್ಲರೂ ಒಪ್ಪುತ್ತಾರೆ. ಸಂತೆಯಲ್ಲಿ ನಡೆಯುವುದು ಗುರುತುಗಳೇ.

ಕಾಸರಗೋಡಿನ ಓದುಗರಿಗೆ ನಮ್ಮ ಊರುಗಳ ಪರಿಚಯ ಇರಲಿಕ್ಕಿಲ್ಲ. 1956ರ ನವೆಂಬರ್ 1ರಂದು ನೀವು ಕೇರಳಕ್ಕೆ ಸೇರಿದ ದಿನವೇ ಬೀದರ ಜಿಲ್ಲೆಯ ಜಹೀರಾಬಾದ್, ನಾರಾಯಣಖೇಡ ಮತ್ತು ಗುಲಬರ್ಗಾ ಜಿಲ್ಲೆಯ ತಾಂಡೂರು ಆಂಧ್ರಪ್ರದೇಶದ ಪಾಲಾದವು. 2014ರಿಂದ ಅವು ತೆಲಂಗಾಣದಲ್ಲಿವೆ. ಮನೆಯಲ್ಲಿ ಬೀದರ ಕಡೆಯ ಕನ್ನಡ, ಅಂಗಡಿಯಲ್ಲಿ ತೆಲುಗು, ಬಸ್ ಸ್ಟ್ಯಾಂಡಿನಲ್ಲಿ ದಖನಿ. ನಾನು ಹುಟ್ಟಿದ್ದು ನಾರಾಯಣಖೇಡದ ಹತ್ತಿರದ ಹಳ್ಳಿಯಲ್ಲಿ. ಅಕ್ಕನನ್ನು ಕೊಟ್ಟದ್ದು ತಾಂಡೂರಿಗೆ. ಭಾವನಿಗೆ ಹಾಸುಗಲ್ಲಿನ ಪಾಲಿಶ್ ಕೆಲಸ. ನನ್ನದು ಜಹೀರಾಬಾದಿನಲ್ಲಿ ಹೆಂಗಸರ ಬಟ್ಟೆ ಹೊಲಿಯುವ ಚಿಕ್ಕ ಅಂಗಡಿ. ಜಂಪರಿನ ಕೊರಳಳತೆ, ಭುಜದಳತೆ ತೆಗೆದುಕೊಳ್ಳುವಾಗ ನನ್ನ ಮುಖಕ್ಕೂ ಗಿರಾಕಿಯ ಕಣ್ಣಿಗೂ ಒಂದು ಗೇಣು ಅಂತರ. ಆ ಒಂದು ಗೇಣಿನಲ್ಲಿ ಪೌಡರು ಏನನ್ನೂ ಮುಚ್ಚುವುದಿಲ್ಲ.

2021ರ ನವೆಂಬರಿನಲ್ಲಿ ಮಂಜಮ್ಮ ಜೋಗತಿಯವರು ರಾಷ್ಟ್ರಪತಿಯವರ ಕೈಯಿಂದ ಪದ್ಮಶ್ರೀ ತೆಗೆದುಕೊಂಡದ್ದನ್ನು ಅವ್ವ ಟಿವಿಯಲ್ಲಿ ನೋಡಿದಳು. ಸೆರಗಿನಿಂದ ರಾಷ್ಟ್ರಪತಿಯವರಿಗೆ ನಿವಾಳಿಸಿ ಹರಸಿದ್ದನ್ನು ಕಂಡು ಊರೆಲ್ಲ ಮಾತಾಡುತ್ತಿತ್ತು. ಅವ್ವ ಬಹಳ ಹೊತ್ತು ಸುಮ್ಮನಿದ್ದು ಕೇಳಿದ್ದು ಒಂದೇ ಮಾತು: “ಆಕಿಗಿ ಗಡ್ಡ ಬರಂಗಿಲ್ಲೇನು?” ಅವ್ವ ಅಕ್ಷರ ಕಲಿತವಳಲ್ಲ, ಆದರೆ ಆ ಪ್ರಶ್ನೆ ನನಗೆ ಮೊದಲ ಸಲ ಎಲ್ಲವನ್ನೂ ಬಿಡಿಸಿ ಹೇಳಲು ದಾರಿ ಮಾಡಿಕೊಟ್ಟಿತು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ.

ತಲೆ ಬೋಳಾಗುವುದಕ್ಕೂ ಗಡ್ಡ ಬೆಳೆಯುವುದಕ್ಕೂ ಕಾರಣ ಒಂದೇ. ಗಂಡಸಿನ ಮೈಯಲ್ಲಿ ಹುಟ್ಟುವ ಟೆಸ್ಟೋಸ್ಟಿರಾನ್ ಎಂಬ ಹಾರ್ಮೋನಿನ ಒಂದು ಭಾಗ ಕೂದಲ ಬುಡದಲ್ಲಿ ಇನ್ನಷ್ಟು ಚುರುಕಾದ ರೂಪಕ್ಕೆ ತಿರುಗುತ್ತದೆ. ಅದು ಗದ್ದದ ನವಿರು ಕೂದಲನ್ನು ದಪ್ಪ, ಕಪ್ಪು ಮಾಡುತ್ತದೆ. ಅದೇ ವಸ್ತು, ವಂಶದಲ್ಲಿ ಬಂದ ಗುಣವಿದ್ದವರ ನೆತ್ತಿಯ ಕೂದಲನ್ನು ವರ್ಷದಿಂದ ವರ್ಷಕ್ಕೆ ಸಣ್ಣ ಮಾಡಿ, ಕೊನೆಗೆ ಬುಡವನ್ನೇ ಒಣಗಿಸುತ್ತದೆ. ಹೆಣ್ಣಿನ ಹಾರ್ಮೋನನ್ನೂ ಗಂಡಿನದನ್ನು ತಡೆಯುವ ಮಾತ್ರೆಯನ್ನೂ ವೈದ್ಯರು ಕೊಟ್ಟರೆ ನೆತ್ತಿಯ ಕೂದಲು ಉದುರುವುದು ಕೆಲವು ತಿಂಗಳಲ್ಲಿ ಹತೋಟಿಗೆ ಬರುತ್ತದೆ. ಇತ್ತೀಚೆಗೆ ಸಣ್ಣಗಾದ ಕೂದಲು ಸ್ವಲ್ಪ ಚೇತರಿಸಿಕೊಳ್ಳಬಹುದು. ಹತ್ತು ವರ್ಷದ ಹಿಂದೆ ಹೋದದ್ದು ಮರಳುವುದಿಲ್ಲ. ಎದೆಯ, ಕೈಕಾಲಿನ ಕೂದಲು ಒಂದೆರಡು ವರ್ಷದಲ್ಲಿ ತೆಳುವಾಗುತ್ತದೆ. ಗಡ್ಡ ಮಾತ್ರ ಒಮ್ಮೆ ಬೇರು ಬಿಟ್ಟರೆ ಯಾವ ಮಾತ್ರೆಗೂ ಜಗ್ಗುವುದಿಲ್ಲ. ಬೆಳೆಯುವ ವೇಗ ಕಡಿಮೆಯಾದೀತು, ಅಷ್ಟೆ. ನಾನು ಚಿಕಿತ್ಸೆ ಶುರುಮಾಡಿದ್ದು 2018ರಲ್ಲಿ, 36ನೆಯ ವಯಸ್ಸಿಗೆ. ಅಷ್ಟು ಹೊತ್ತಿಗೆ ಅಪ್ಪನ ಹಣೆ ನನ್ನ ಹಣೆಯಾಗಿತ್ತು.

ಗಡ್ಡ ಕೀಳುವ ವಿದ್ಯೆ ಹಿಜ್ರಾ ಮನೆಗಳಲ್ಲಿ ಬಹಳ ಹಳೆಯದು. ಅದರ ಆಯುಧ ಚಿಮಟ. ಕನ್ನಡಿ ಎದುರು ಕುಳಿತು ಒಂದೊಂದೇ ಕೂದಲನ್ನು ಕೀಳುವುದು. ಕಿತ್ತ ಕೂದಲು ಮತ್ತೆ ಬರುತ್ತದೆ. ಕೆಲವು ಚರ್ಮದೊಳಗೇ ಸುರುಳಿ ಸುತ್ತಿ ಗುಳ್ಳೆಯಾಗುತ್ತವೆ. ಕಸ್ತೂರಿ ಅರಿಸಿನದ ಲೇಪ ಹಚ್ಚಿದರೆ ಕೂದಲು ಹೋಗುತ್ತದೆಂದು ನಮ್ಮ ಮನೆಗಳಲ್ಲಿ ಹೇಳುತ್ತಾರೆ; ಗಂಡಸಿನ ಗಡ್ಡದ ಮುಂದೆ ಅದರ ಆಟ ನಡೆಯುವುದಿಲ್ಲ. ಉಳಿದದ್ದು ಬ್ಲೇಡು. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಬೋಳಿಸಿದರೆ ಮಧ್ಯಾಹ್ನ ಮೂರಕ್ಕೆ ಗದ್ದ ನೀಲಿಗಟ್ಟುತ್ತದೆ. ಆದ್ದರಿಂದ ನನ್ನ ಅಂಗಡಿಯಲ್ಲಿ ಅಳತೆ ತೆಗೆಯುವ ಕೆಲಸ ಮಧ್ಯಾಹ್ನದ ಊಟಕ್ಕೆ ಮುಂಚೆಯೇ ಮುಗಿಯುತ್ತಿತ್ತು. ಸಂಜೆ ಬಂದವರಿಗೆ, “ನಾಳಿ ಮುಂಜಾನಿ ಬರ್ರಿ, ಈಗ ಬೆಳಕಿಲ್ಲ” ಎನ್ನುತ್ತಿದ್ದೆ. ಬೆಳಕು ಇರುತ್ತಿತ್ತು.

ಕೂದಲನ್ನು ಬೇರುಸಹಿತ ಸುಡುವ ಹಳೆಯ ವಿಧಾನ ಎಲೆಕ್ಟ್ರಾಲಿಸಿಸ್. ಅಮೆರಿಕದ ಸೇಂಟ್ ಲೂಯಿಯ ಕಣ್ಣಿನ ವೈದ್ಯ ಚಾರ್ಲ್ಸ್ ಮೈಕೆಲ್, ಕಣ್ಣಿಗೆ ಚುಚ್ಚುವ ರೆಪ್ಪೆಗೂದಲನ್ನು ವಿದ್ಯುತ್ತಿನ ಸೂಜಿಯಿಂದ ತೆಗೆದ ಕ್ರಮವನ್ನು 1875ರಲ್ಲಿ ಪ್ರಕಟಿಸಿದ. ಅದು ಇಂದಿಗೂ ಒಂದೊಂದೇ ಕೂದಲಿನ ಕೆಲಸ. ಲೇಸರ್ ಬೇಗನೆ ಆಗುತ್ತದೆ. ಆದರೆ ಅದು ಹುಡುಕುವುದು ಕಪ್ಪು ಬಣ್ಣವನ್ನು. ನಮ್ಮ ಚರ್ಮವೂ ಕಪ್ಪೇ ಆದ್ದರಿಂದ ಯಂತ್ರ ಯಾವುದೆಂದು ಕೇಳಿಕೊಳ್ಳಬೇಕು. ಎನ್‌ಡಿ ಯಾಗ್ ಎಂಬ, 1064 ನ್ಯಾನೋಮೀಟರಿನ ಲೇಸರು ಕಪ್ಪು ಚರ್ಮಕ್ಕೆ ಹೆಚ್ಚು ಸುರಕ್ಷಿತ. ಒಂದು ಹೊತ್ತಿನಲ್ಲಿ ಬೆಳೆಯುವ ಹಂತದಲ್ಲಿರುವ ಕೂದಲು ಮಾತ್ರ ಸಾಯುವುದರಿಂದ 4ರಿಂದ 6 ವಾರಕ್ಕೊಮ್ಮೆ ಮತ್ತೆ ಮತ್ತೆ ಹೋಗಬೇಕು; ಮುಖಕ್ಕೆ ಎಂಟು ಹತ್ತು ಸಲಕ್ಕೂ ಮುಗಿಯದೆ ಇರಬಹುದು. ನೆರೆತ ಕೂದಲಿಗೆ ಲೇಸರು ಕುರುಡು. ಅದಕ್ಕೆ ಮತ್ತೆ ಸೂಜಿಯೇ ಗತಿ.

ನನಗೆ ಮೊದಲು ಲೇಸರ್ ಮಾಡಿದ ಒಂದು ಪಾರ್ಲರಿನಲ್ಲಿ ಬಿಸಿ ಹೆಚ್ಚಾಗಿ ಎಡಗೆನ್ನೆಯ ಮೇಲೆ ಬಿಲ್ಲೆ ಗಾತ್ರದ ಕಪ್ಪು ಕಲೆ ಉಳಿಯಿತು. ಆಮೇಲೆ ಹೈದರಾಬಾದಿನ ಚರ್ಮರೋಗ ವೈದ್ಯರಲ್ಲಿಗೆ ಹೋದೆ. ಜಹೀರಾಬಾದಿನಿಂದ ಬಸ್ಸಿನಲ್ಲಿ ಸುಮಾರು 100 ಕಿಲೋಮೀಟರು. ಒಂದು ಸಲಕ್ಕೆ ಎರಡೂವರೆ ಸಾವಿರ, ಅಂದರೆ ಹತ್ತು ಜಂಪರು. ಲೇಸರಿಗೆ ಮುಂಚೆ ಬೋಳಿಸಬಹುದು, ಕೀಳಬಾರದು; ಬುಡವೇ ಇಲ್ಲದಿದ್ದರೆ ಬೆಳಕು ಹೋಗುವುದು ಎಲ್ಲಿಗೆ? ವರ್ಷಗಟ್ಟಲೆ ಚಿಮಟ ಹಿಡಿದ ಕೈಗೆ ಸುಮ್ಮನಿರುವುದು ಸುಲಭವಲ್ಲ. ಆ ವಾರಗಳಲ್ಲಿ ನಾನು ತಾಂಡೂರಿಗೆ ಹೋಗಿ ಅಕ್ಕನ ಮನೆಯ ಹಿತ್ತಿಲ ಕೋಣೆಯಲ್ಲಿ ಹೊಲಿಗೆ ಇಟ್ಟುಕೊಳ್ಳುತ್ತಿದ್ದೆ. ಕಲ್ಲಿನ ಧೂಳಿಗೆ ಅಲ್ಲಿ ಎಲ್ಲರೂ ಮುಖಕ್ಕೆ ಬಟ್ಟೆ ಕಟ್ಟುತ್ತಾರೆ. ನಾನೂ ಕಟ್ಟಿದರೆ ಕೇಳುವವರಿಲ್ಲ.

ತಲೆಯ ಲೆಕ್ಕ ಬೇರೆ. ಮಿನಾಕ್ಸಿಡಿಲ್ ಎಂಬ ದ್ರಾವಣ ಮೂಲದಲ್ಲಿ ರಕ್ತದೊತ್ತಡದ ಮಾತ್ರೆ. ತಿಂದವರಿಗೆ ಕೂದಲು ಬೆಳೆದದ್ದನ್ನು ಕಂಡು ಹಚ್ಚುವ ಔಷಧಿ ಮಾಡಿದರು. ಅಮೆರಿಕದಲ್ಲಿ 1988ರಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಹಚ್ಚುವಷ್ಟು ದಿನ ಕೂದಲು ಇರುತ್ತದೆ, ಬಿಟ್ಟರೆ ಕೆಲವು ತಿಂಗಳಲ್ಲಿ ಹೋಗುತ್ತದೆ. ಹಾರ್ಮೋನು, ಈ ದ್ರಾವಣ, ಎರಡೂ ಸೇರಿ ನನಗೆ ನಾಲ್ಕು ವರ್ಷದಲ್ಲಿ ಕೊಟ್ಟದ್ದು ಎರಡು ಬೆರಳಗಲದ ಕೂದಲು ಮತ್ತು ಬೆನ್ನ ಮೇಲೆ ಬೀಳುವ ಒಂದು ತೆಳುವಾದ ಜಡೆ. ಅದಕ್ಕೆ ಮೊದಲು ಚವರಿ, ಅದಕ್ಕೂ ಮೊದಲು ವಿಗ್ಗು. ನಮ್ಮ ಬೀದಿಗಳಲ್ಲಿ ಉದುರಿದ ಕೂದಲನ್ನು ಕೊಂಡು ಸ್ಟೀಲ್ ಪಾತ್ರೆ ಕೊಡುವವರು ಬರುತ್ತಾರೆ. ಅಂಥ ಕೂದಲನ್ನು ಬಿಡಿಸಿ, ತೊಳೆದು, ಹದಮಾಡುವ ಕೆಲಸ ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ದೊಡ್ಡದಾಗಿ ನಡೆಯುತ್ತದೆ. ಅವ್ವ ಬಾಚಣಿಗೆಯಿಂದ ತೆಗೆದು ಗೋಡೆಯ ಸಂದಿಯಲ್ಲಿ ಸಿಕ್ಕಿಸುತ್ತಿದ್ದ ಕೂದಲ ಉಂಡೆಗೆ ಒಂದು ಡಬರಿ ಬರುತ್ತಿತ್ತು. ಅದೇ ಬಗೆಯ ಕೂದಲಿಗೆ ನಾನು ಮೂರು ತಿಂಗಳ ದುಡಿಮೆ ಕೊಟ್ಟೆ. ಮೇ ತಿಂಗಳಲ್ಲಿ ಕರೆಂಟು ಹೋದಾಗ ವಿಗ್ಗಿನ ಕೆಳಗೆ ನೆತ್ತಿ ಬೇಯುತ್ತದೆ. ನಿಮ್ಮ ಕಡೆಯ ಕೋಳ್ಯೂರು ರಾಮಚಂದ್ರ ರಾಯರಂಥ ಸ್ತ್ರೀವೇಷಧಾರಿಗಳಿಗೆ ಬೆಳಗಾದ ಮೇಲೆ ಮುಡಿ ಬಿಚ್ಚಿಡಲು ಚೌಕಿ ಇರುತ್ತದೆ. ನಮಗೆ ಬೆಳಗಾದ ಮೇಲೆಯೇ ಮುಡಿ ಬೇಕಾಗುವುದು.

ಹಿಜ್ರಾ ಜಮಾತಿನಲ್ಲಿ ದೊಡ್ಡ ತಪ್ಪಿಗೆ ಕೂದಲು ಕತ್ತರಿಸುವ ಶಿಕ್ಷೆ ಇತ್ತೆಂಬುದನ್ನು ಕೇಳಿದವರಿಗೆ ಅದು ವಿಚಿತ್ರವೆನಿಸಬಹುದು. ಕೂದಲು ಎಷ್ಟು ಕಷ್ಟದಿಂದ ಬಂತೆಂದು ತಿಳಿದವರೇ ಆ ಶಿಕ್ಷೆಯನ್ನು ಯೋಚಿಸಬಲ್ಲರು. ಸರಕಾರದ ಕಾನೂನೂ ಕಡಿಮೆಯದಲ್ಲ. ನಿಜಾಮರ ಕಾಲದಲ್ಲಿ, ಫಸಲಿ 1329ರಲ್ಲಿ, ಎಂದರೆ 1919ರಲ್ಲಿ ಮಾಡಿದ ಕಾಯಿದೆಯಂತೆ ಹೆಣ್ಣುಡುಗೆ, ಒಡವೆ ತೊಟ್ಟು ಬೀದಿಯಲ್ಲಿ ಕಂಡ ಹಿಜ್ರಾಗಳನ್ನು ವಾರಂಟಿಲ್ಲದೆ ಹಿಡಿಯಬಹುದಿತ್ತು. ಎರಡು ವರ್ಷದವರೆಗೆ ಸೆರೆ. ತೆಲಂಗಾಣ ಹೈಕೋರ್ಟು ಅದನ್ನು ತೆಗೆದುಹಾಕಿದ್ದು 2023ರ ಜುಲೈಯಲ್ಲಿ. ಸುಪ್ರೀಂ ಕೋರ್ಟು ನಮ್ಮನ್ನು ಗುರುತಿಸಿದ್ದು 2014ರಲ್ಲಿ. ದೇಶದಲ್ಲೇ ಮೊದಲು ಟ್ರಾನ್ಸ್‌ಜೆಂಡರ್ ನೀತಿ ತಂದದ್ದು ನಿಮ್ಮ ಕೇರಳ, 2015ರಲ್ಲಿ. 2019ರಲ್ಲಿ ಸಂಸತ್ತು ಮಾಡಿದ ಕಾಯಿದೆಯಲ್ಲಿ ವಿಮೆಯಿಂದ ಭರಿಸಬೇಕಾದ ಚಿಕಿತ್ಸೆಗಳ ಸಾಲಿನಲ್ಲಿ ಆಪರೇಷನ್ನು, ಹಾರ್ಮೋನಿನ ಜೊತೆಗೆ ಲೇಸರಿನ ಹೆಸರೂ ಇತ್ತು. ಆ ಒಂದು ಪದವನ್ನು ಓದಿದಾಗ, ನಮ್ಮ ಬೆಳಗಿನ ನಾಲ್ಕು ಗಂಟೆಯನ್ನು ತಿಳಿದವರು ಯಾರೋ ದಿಲ್ಲಿಯಲ್ಲಿದ್ದಾರೆ ಎನಿಸಿತು. ನಾನು ಕೊಟ್ಟ ಹಣ ಮಾತ್ರ ಎಲ್ಲ ನನ್ನ ಹೊಲಿಗೆಯದೇ.

2022ರ ಶ್ರಾವಣದಲ್ಲಿ ಅಪ್ಪ ತೀರಿಕೊಂಡರು. ಹತ್ತನೆಯ ದಿನ ಗಂಡುಮಕ್ಕಳು ತಲೆ ಮೀಸೆ ಬೋಳಿಸಿಕೊಳ್ಳುವುದು ನಮ್ಮ ಮನೆತನದ ರೂಢಿ. ಕೆರೆಯ ದಂಡೆಗೆ ಕ್ಷೌರಿಕ ಬಂದ. ಹಿರಿಯ ಮಗನಿಂದ ಶುರುವಾಗಬೇಕು ಎಂದು ಕಾಕಾ ನನ್ನತ್ತ ನೋಡಿದರು. ಅಪ್ಪನಿಗೆ ನನ್ನಿಂದ ಸಲ್ಲಬೇಕಾದದ್ದು ಏನೂ ಇಲ್ಲವೆಂದು ನಾನು ಹೇಳಲಾರೆ. ಹೆಣ ಹೊರುವಾಗಲೂ ನನ್ನನ್ನು ಹಿಂದಕ್ಕೆ ನಿಲ್ಲಿಸಿದ್ದರು. ಈಗ ನಾಲ್ಕು ವರ್ಷದ ಜಡೆ ಕೊಟ್ಟರೆ ಮಗನೆಂದು ಒಪ್ಪಿದಂತೆ. ಕೊಡದಿದ್ದರೆ ಅಪ್ಪನ ಋಣ ಉಳಿಸಿಕೊಂಡಂತೆ. ನಾನು ಎದ್ದೂ ನಿಲ್ಲಲಿಲ್ಲ, ಕೂರಲೂ ಇಲ್ಲ. ಅಷ್ಟರಲ್ಲಿ ತಮ್ಮ ಅಂಗಿ ಕಳಚಿ ಹಲಗೆಯ ಮೇಲೆ ಕುಳಿತುಬಿಟ್ಟ. ಕಾಕಾ ಮತ್ತೆ ಬಾಯಿ ತೆರೆದಾಗ, ದೂರದಲ್ಲಿ ಹೆಂಗಸರ ನಡುವೆ ಕುಳಿತಿದ್ದ ಅವ್ವ ತಲೆ ಎತ್ತದೆ ಹೇಳಿದಳು: “ಇದ್ದೊಬ್ಬ ಮಗ ಕುಂತಾನ. ಇನ್ಯಾರಿಗಿ ಕರೀಲತ್ತಿ?”

ಕಾಕಾ ಆವತ್ತು ಊಟ ಮಾಡದೆ ಹೋದರು, ಈವರೆಗೂ ಬಂದಿಲ್ಲ. ಅವರ ಮಗಳ ಮದುವೆಗೆ ನಮ್ಮ ಮನೆಗೆ ಕರೆ ಬರಲಿಲ್ಲ. ಅವ್ವ ಆ ಮಾತನ್ನು ಮತ್ತೆ ಎತ್ತಿಲ್ಲ. ಭಾನುವಾರ ಊರಿಗೆ ಹೋದರೆ ಕೊಬ್ಬರಿ ಎಣ್ಣೆಯ ಬಟ್ಟಲು ನನ್ನ ಪಕ್ಕದಲ್ಲಿ ಇಟ್ಟು ಒಳಗೆ ಹೋಗುತ್ತಾಳೆ.

ಕನ್ನಡ ಮನೆಗಳವರಿಗೆ ಎರಡು ಮಾತು ಹೇಳಬೇಕು. ಮನೆಯ ಮಗು ಇಂಥದೊಂದು ವಿಷಯ ಹೇಳಿದರೆ ಹತ್ತಾರು ವರ್ಷ ಬಾಯಿ ಮುಚ್ಚಿಸಬೇಡಿ. ತಿಳಿದ ವೈದ್ಯರ ಹತ್ತಿರ ನೀವೇ ಜೊತೆಗೆ ಹೋಗಿ. ಜೊತೆಗೆ ಯಾರೂ ಇಲ್ಲದವರು ಮೆಡಿಕಲ್ ಶಾಪಿನಿಂದ ಗರ್ಭನಿರೋಧಕ ಗುಳಿಗೆ ತಂದು ನುಂಗುತ್ತಾರೆ. ಅದರಿಂದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. ನನ್ನ ಗೆಳತಿಯೊಬ್ಬಳು ಕಾಲು ಊದಿ ಆಸ್ಪತ್ರೆ ಸೇರಿದ್ದಳು. ಗಂಡಿನ ಹಾರ್ಮೋನನ್ನು ತಡೆಯಲು ಕೊಡುವ ಸ್ಪೈರೊನೊಲ್ಯಾಕ್ಟೋನ್ ಮಾತ್ರೆಗೂ ರಕ್ತಪರೀಕ್ಷೆ ಬೇಕು. ಅದು ಪೊಟ್ಯಾಶಿಯಮ್ ಏರಿಸುತ್ತದೆ. ಇದು ಗುಟ್ಟಾಗಿ ಮಾಡುವ ಚಿಕಿತ್ಸೆಯಲ್ಲ.

ಇನ್ನೊಂದು, ಭಾಷೆಯ ಮಾತು. ದಖನಿಯಲ್ಲಿ ಎದುರಿಗೆ ನಿಂತು ಮಾತಾಡಿದರೂ ಗಂಡೋ ಹೆಣ್ಣೋ ಎಂದು ಕ್ರಿಯಾಪದ ಹೇಳಿಬಿಡುತ್ತದೆ. ಕನ್ನಡದಲ್ಲಿ ಎದುರಿಗೆ ಆ ತೊಂದರೆ ಇಲ್ಲ. ನಾನು ಬೆನ್ನು ತಿರುಗಿಸಿದ ಮೇಲೆ ‘ಬಂದಾನ’ ‘ಬಂದಾಳ’ ಎಂಬ ತಕರಾರು ಶುರು. ಗದ್ದ ನೀಲಿಯಾದ ದಿನ ಒಂದು, ನುಣುಪಾದ ದಿನ ಇನ್ನೊಂದು. ನನ್ನ ಗಿರಾಕಿಗಳಲ್ಲಿ ಒಬ್ಬ ಹಿರಿಯ ಹೆಂಗಸು ಮೊದಲ ದಿನದಿಂದಲೂ “ಟೇಲರ್ ಅವ್ರು ಬಂದಾರ” ಎನ್ನುತ್ತಾರೆ. ಅವರ ಗದ್ದದಲ್ಲೂ ನಾಲ್ಕಾರು ಬಿರುಸು ಕೂದಲುಗಳಿವೆ. ಮುಟ್ಟು ನಿಂತವರಿಗೆ, ಪಿಸಿಒಎಸ್ ಇರುವ ಹುಡುಗಿಯರಿಗೆ ಅದು ಬರುತ್ತದೆ. ಅಳತೆ ಕೊಡುವಾಗ ಎಷ್ಟೋ ಜನ ನನ್ನ ಕಿವಿಯಲ್ಲಿ ಉಪಾಯ ಕೇಳುತ್ತಾರೆ, ನಾನು ಹೇಳುತ್ತೇನೆ. ಈಗ ಸಂಜೆಯೂ ಅಳತೆ ತೆಗೆಯುತ್ತೇನೆ. ಮೇಲ್ದುಟಿಯ ನೆರೆತ ಕೂದಲಿಗೆ ಇನ್ನೂ ಕೆಲವು ಸಲ ಸೂಜಿ ಬೇಕು. ಅದಕ್ಕೆ ದೀಪಾವಳಿಯ ಹೊಲಿಗೆಯ ದುಡ್ಡು ತೆಗೆದಿಟ್ಟಿದ್ದೇನೆ. ನಿಮ್ಮ ಮನೆಯಲ್ಲಿ, ಬೀದಿಯಲ್ಲಿ ನನ್ನಂಥವರು ಇದ್ದರೆ ‘ಅವರು’ ಎನ್ನಿ. ಲೇಸರಿಗೆ, ವಿಗ್ಗಿಗೆ ಬಹಳ ಹಣ ಬೇಕು. ಈ ಬಹುವಚನಕ್ಕೆ ಏನೂ ಬೇಕಿಲ್ಲ.