ಗೋಡೆಯ ಮೇಲೆ ಕುದಿಯುವ ಪಾತ್ರೆ

ಪಿನೋಕಿಯೋ ಅಂದ ಕೂಡಲೇ ಎಲ್ಲರಿಗೂ ಮೂಗೇ ನೆನಪಾಗುತ್ತದೆ. ಸುಳ್ಳು ಹೇಳಿದರೆ ನಿನ್ನ ಮೂಗೂ ಹಾಗೇ ಉದ್ದವಾಗುತ್ತೆ ನೋಡು ಎಂದು ಹೆದರಿಸುವ ಕೆಲಸಕ್ಕೆ ಆ ಮರದ ಬೊಂಬೆ ಎಷ್ಟು ಮನೆಗಳಲ್ಲಿ ದುಡಿದಿದೆಯೋ! ಚಿಕ್ಕಂದಿನಲ್ಲಿ ನನಗೆ ಸಿಕ್ಕ ತೆಳ್ಳನೆಯ ಬಣ್ಣದ ಪುಸ್ತಕದಲ್ಲೂ ಇದ್ದದ್ದು ಮೂಗೇ. ಪೂರ್ತಿ ಕಥೆ ಓದಿದ್ದು ಕೂದಲು ನರೆತ ಮೇಲೆ. ಅಂದಿನಿಂದ ಈ ಮೂಗಿನ ಮಾತು ಕೇಳಿದರೆ ರೇಗುತ್ತದೆ.

ಸುಳ್ಳಿಗೆ ಮೂಗು ಬೆಳೆಯುವುದಿಲ್ಲ ಅಂತಲ್ಲ, ಬೆಳೆಯುತ್ತದೆ. ಆದರೆ ಮೊದಲ ಸಲ ಬೆಳೆಯುವಾಗ ಬೊಂಬೆಗೆ ಇನ್ನೂ ಬಾಯಿಯೇ ಇಲ್ಲ! ಮರ ಕೆತ್ತುವ ಮುದುಕ ಜೆಪೆಟ್ಟೋ ಕತ್ತರಿಸಿದಷ್ಟೂ ಅದು ಬೆಳೆಯುತ್ತದೆ. ಬಾಯಿ ಕೆತ್ತುವುದು ಆಮೇಲೆ. ಇನ್ನೊಮ್ಮೆ ಬೆಳೆಯುವುದು ಹಸಿವಿನಲ್ಲಿ. ಜೆಪೆಟ್ಟೋನ ಒಂಟಿ ಕೋಣೆಯ ಹಿಂಗೋಡೆಯಲ್ಲಿ ಒಲೆ ಉರಿಯುತ್ತಿದೆ, ಪಾತ್ರೆ ಕುದಿಯುತ್ತಿದೆ, ಆವಿ ಏಳುತ್ತಿದೆ. ಹಸಿದ ಪಿನೋಕಿಯೋ ಓಡಿಹೋಗಿ ಮುಚ್ಚಳ ತೆಗೆಯಲು ನೋಡುತ್ತಾನೆ. ಅದೆಲ್ಲ ಗೋಡೆಗೆ ಬರೆದ ಚಿತ್ರ. ಆಗ ಅವನ ಮೂಗು ನಾಲ್ಕು ಬೆರಳು ಉದ್ದವಾಗುತ್ತದೆ. ಸುಳ್ಳು ಹೇಳಿದ್ದೇನಿದ್ದರೂ ಆ ಗೋಡೆ.

ಇದನ್ನು ಬರೆದ ಕಾರ್ಲೋ ಕೊಲ್ಲೋದಿ 1826ರಲ್ಲಿ ಫ್ಲಾರೆನ್ಸಿನಲ್ಲಿ ಹುಟ್ಟಿದವರು. ಅಪ್ಪ ಸಿರಿವಂತರ ಮನೆಯೊಂದರಲ್ಲಿ ಅಡುಗೆಯವರು. ದೊಡ್ಡವರ ಒಲೆಯ ಮೇಲೆ ಕುದಿಯುವುದೇನು, ಅಡುಗೆಯವರ ಮಕ್ಕಳ ತಟ್ಟೆಗೆ ಬೀಳುವುದೇನು ಎಂಬುದು ಅವರಿಗೆ ಗೊತ್ತಿರದೆ ಇದ್ದೀತೆ?

ಮರುದಿನ ಜೆಪೆಟ್ಟೋ ತನ್ನ ತಿಂಡಿಗೆಂದು ಇಟ್ಟುಕೊಂಡಿದ್ದ ಮೂರು ಪಿಯರ್ ಹಣ್ಣನ್ನು ಹುಡುಗನಿಗೆ ಕೊಡುತ್ತಾನೆ. ಸಿಪ್ಪೆ ಸುಲಿದುಕೊಟ್ಟರೇ ತಿನ್ನುವುದು ಎಂದು ಇವನ ಹಟ. ಮುದುಕ ಚಾಕು ಹಿಡಿದು ಸುಲಿಯುತ್ತಾನೆ. ಸಿಪ್ಪೆಯನ್ನು ಎಸೆಯದೆ ಮೇಜಿನ ಮೂಲೆಗಿಡುತ್ತಾನೆ. ಬೀಜವಿರುವ ಗಟ್ಟಿ ನಡುಭಾಗವನ್ನೂ ಬಿಸಾಡಲು ಬಿಡುವುದಿಲ್ಲ. ಮೂರೂ ಮುಗಿದವು, ಹಸಿವು ಮುಗಿಯಲಿಲ್ಲ. ಹುಡುಗ ಮುಖ ಸಿಂಡರಿಸಿಕೊಂಡು ಒಂದು ಸಿಪ್ಪೆ ಬಾಯಿಗಿಡುತ್ತಾನೆ, ಆಮೇಲೆ ಇನ್ನೊಂದು, ಕೊನೆಗೆ ನಡುಭಾಗಗಳೂ ಖಾಲಿ. ಮಗುವಾಗಿ ಓದಿದ್ದರೆ ಸಿಪ್ಪೆ ತಿಂದವನನ್ನು ನೋಡಿ ನಕ್ಕು ಪುಟ ತಿರುವುತ್ತಿದ್ದೆ. ಈಗ ಮುದುಕ ಏನು ತಿಂದ ಎಂಬುದೊಂದೇ ಚಿಂತೆ. ಕಥೆ ಅದನ್ನು ಹೇಳುವುದೇ ಇಲ್ಲ. ಮುಂದೆ ಇದೇ ಮುದುಕ ಹಿಮ ಸುರಿಯುವಾಗ ಮೈಮೇಲಿನ ಕೋಟು ಮಾರಿ ಮಗನಿಗೆ ಅಕ್ಷರಮಾಲೆಯ ಪುಸ್ತಕ ತರುತ್ತಾನೆ. ಮಗ ಅದನ್ನು ಮಾರಿ ಬೊಂಬೆಯಾಟಕ್ಕೆ ಹೋಗುತ್ತಾನೆ. ಮಕ್ಕಳನ್ನು ಬೆಳೆಸಿದವರು ಆ ಎರಡು ಅಧ್ಯಾಯ ಓದಿ ಸುಮ್ಮನೆ ಎದ್ದುಹೋಗಲಿ ನೋಡೋಣ!

1881ರಲ್ಲಿ ರೋಮಿನ ಮಕ್ಕಳ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಶುರುವಾದ ಈ ಕಥೆ 15ನೇ ಅಧ್ಯಾಯಕ್ಕೇ ಮುಗಿದಿತ್ತು. ಕಳ್ಳರು ಪಿನೋಕಿಯೋನನ್ನು ಓಕ್ ಮರಕ್ಕೆ ನೇಣು ಹಾಕುತ್ತಾರೆ. ಉಸಿರು ನಿಲ್ಲುವಾಗ ಅವನು ನೆನೆಯುವುದು ಅಪ್ಪನನ್ನು. ಓದುಗರು ಬಿಡಲಿಲ್ಲ, 1882ರಲ್ಲಿ ಕಥೆ ಮತ್ತೆ ಹೊರಟಿತು, 1883ರಲ್ಲಿ ಪುಸ್ತಕವಾಯಿತು. ಇಟಲಿಯ ಮಕ್ಕಳು ನೇಣಿನ ಪುಟ ಓದಿಯೂ ಮುಂದೇನು ಎಂದು ಕಾದರು. ಅವರು ತಡೆದುಕೊಂಡ ಕಥೆಯನ್ನು ನಮ್ಮ ಮಕ್ಕಳು ತಡೆದುಕೊಳ್ಳಲಾರರೆಂದು ತೀರ್ಮಾನಿಸಿದವರು ಯಾರು?