ಬಸ್ಸಿನ ಮೇಲೊಂದು ಮಾಳಿಗೆ

ಕಲಬುರಗಿ ಸೀಮೆಯ ಬೇಸಿಗೆಯನ್ನು ಉಂಡವರಿಗೇ ಮಾಳಿಗೆಯ ಬೆಲೆ ಗೊತ್ತು. ಮಳಖೇಡದಲ್ಲಿ ಹಗಲೆಲ್ಲ 42 ಡಿಗ್ರಿ ಕಾದ ಮನೆ ರಾತ್ರಿಯೂ ಒಲೆಯಂತೆ ಬಿಸಿಯುಗುಳುತ್ತಿರುವಾಗ ಹಾಸಿಗೆ, ನೀರಿನ ತಂಬಿಗೆ, ಮಕ್ಕಳು ಎಲ್ಲವೂ ಮಾಳಿಗೆ ಹತ್ತುತ್ತವೆ. ಕಾಗಿಣಾ ನದಿಯ ಕಡೆಯಿಂದ ಒಂದಿಷ್ಟು ಗಾಳಿ ಬಂದರೆ ಅದೇ ಸ್ವರ್ಗ. ಜೋಳದ ಹೊಲದಲ್ಲಿ ಹಕ್ಕಿ ಓಡಿಸಲು ಅಟ್ಟಣಿಗೆ, ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಊರೆಂಬ ಹೆಮ್ಮೆಗೆ ಕೋಟೆಯ ಬುರುಜು! ಎತ್ತರದಲ್ಲಿ ಕೂರುವ ಆಸೆ ಇಲ್ಲಿಯ ಹುಡುಗರಿಗೆ ಯಾರೂ ಕಲಿಸಬೇಕಿಲ್ಲ.

ಅಂಥ ಹುಡುಗನ ಕಣ್ಣು ಬಸ್ಸು ಕಂಡೊಡನೆ ಮೊದಲು ಹೋಗುವುದು ಅದರ ತಲೆಯ ಮೇಲಕ್ಕೆ. ಹಿಂದೆ ಬಸ್ಸುಗಳ ಬೆನ್ನಿಗೆ ಏಣಿ, ಮೇಲೆ ಕಬ್ಬಿಣದ ಕ್ಯಾರಿಯರ್ ಇರುತ್ತಿದ್ದವು. ಟ್ರಂಕು, ಸೈಕಲ್ಲು, ಬದನೆಕಾಯಿ ಬುಟ್ಟಿ ಏರುತ್ತಿದ್ದವು. ಜಾತ್ರೆ ಬಂತೆಂದರೆ ಜನರೂ ಏರುತ್ತಿದ್ದರು. "ಏ ತಮ್ಮಾ, ಕೆಳಗ ಇಳಿಯೋ" ಎಂದು ತಾಯಿ ಕೂಗುತ್ತಿದ್ದರೆ, ಅವಳ ಪಕ್ಕದಲ್ಲೇ ನಿಂತ ತಂದೆ "ಕೂಡಲಿ ಬಿಡು, ಗಾಳಿ ಬರ್ತದ" ಎನ್ನುತ್ತಿದ್ದ. ಈ ತಂದೆಯೇ ಹೆಚ್ಚು ಅಪಾಯಕಾರಿ.

ಆಸೆ ಮಳಖೇಡದ್ದು ಮಾತ್ರವಲ್ಲ. ಅಮೆರಿಕದಲ್ಲಿ ಹಳೆಯ ಶಾಲಾ ಬಸ್ಸುಗಳನ್ನು ಕೊಂಡು, ಆಸನ ಕಿತ್ತು, ಒಳಗೆ ಮಂಚ, ಅಡಿಗೆಮನೆ ಹೂಡಿ, ಮನೆ ಮಾಡಿಕೊಳ್ಳುವವರು ಸಾಕಷ್ಟು ಜನ. ಕಾದಂಬರಿಕಾರ ಕೆನ್ ಕೀಸಿ 1964ರಲ್ಲಿ ಕೊಂಡ ಬಸ್ಸು 1939ರ ಮಾದರಿಯ ಶಾಲಾ ಬಸ್ಸು. ಅವನ ಗೆಳೆಯರು ಅದರ ಮೇಲೆ ಕಟಕಟೆಯುಳ್ಳ ಕೂರುವ ಅಟ್ಟ ಕಟ್ಟಿದರು. ಸಾಲದೆಂದು ಛಾವಣಿ ಕೊರೆದು, ಬಟ್ಟೆ ಒಗೆಯುವ ಯಂತ್ರದ ಡ್ರಮ್ಮನ್ನು ತೂರಿಸಿ ಇಣುಕುಗೋಪುರವನ್ನೂ ಮಾಡಿದರು. ಅದೇ ಬಸ್ಸಿನಲ್ಲಿ ಕ್ಯಾಲಿಫೋರ್ನಿಯಾದಿಂದ ನ್ಯೂಯಾರ್ಕಿನವರೆಗೆ ಹೋದರು.

ಇಂಥ ಅಟ್ಟ ಕಟ್ಟುವುದು ಬೆಸುಗೆ ಬಲ್ಲವನಿಗೆ ಕಷ್ಟವಲ್ಲ. ಆದರೆ ಬಸ್ಸಿನ ಛಾವಣಿಯ ತಗಡು ಮಳೆ ತಡೆಯಲು ಇರುವುದು, ಭಾರ ಹೊರಲು ಅಲ್ಲ. ಭಾರ ಹೊರುವುದು ಅದರ ಕೆಳಗಿನ ಕಮಾನು ಪಟ್ಟಿಗಳು ಮತ್ತು ಅಕ್ಕಪಕ್ಕದ ಕಂಬಗಳು. ಅಟ್ಟದ ಕಾಲು ಅವುಗಳ ಮೇಲೆಯೇ ಬೀಳಬೇಕು. ಮಾಳಿಗೆಯೆಂದ ಮಾತ್ರಕ್ಕೆ ಶಹಾಬಾದಿನ ಫರ್ಸಿ ಹಾಸಲಾದೀತೆ? ಒಂದಂಗುಲ ದಪ್ಪದ, ಒಂದು ಚದರ ಮೀಟರಿನ ಕಲ್ಲು ಸುಮಾರು 65 ಕಿಲೋ ತೂಗುತ್ತದೆ! ಹಗುರವೆಂದು ಅಲ್ಯುಮಿನಿಯಂ ಹಾಕಿದರೆ ಇನ್ನೊಂದು ತೊಡಕು. ಆರು ಮೀಟರಿನ ಪಟ್ಟಿ 25 ಡಿಗ್ರಿಯಿಂದ 65 ಡಿಗ್ರಿಗೆ ಕಾದಾಗ ಅಲ್ಯುಮಿನಿಯಂ ಐದೂವರೆ ಮಿಲಿಮೀಟರ್ ಹಿಗ್ಗಿದರೆ ಉಕ್ಕು ಹಿಗ್ಗುವುದು ಮೂರಕ್ಕಿಂತ ಕಡಿಮೆ. ಎರಡನ್ನೂ ಬಿಗಿಯಾಗಿ ಬೋಲ್ಟು ಮಾಡಿದರೆ ದಿನವೂ ಜಗ್ಗಾಡಿ ರಂಧ್ರ ಸಡಿಲಾಗುತ್ತದೆ, ಮಳೆಗಾಲಕ್ಕೆ ಬಸ್ಸು ಸೋರುತ್ತದೆ. ಅದಕ್ಕೇ ಬೋಲ್ಟಿನ ರಂಧ್ರವನ್ನು ಉದ್ದನೆಯ ಸೀಳಿನಂತೆ ಕೊರೆಯುವುದು.

ಸೋರಿದರೆ ಬಕೆಟ್ ಇಡಬಹುದು. ಉರುಳಿದರೆ? ಗುರುತ್ವ ಕೇಂದ್ರದ ಪಾಠ ಬೇಕಾಗುವುದು ಇಲ್ಲಿ. ಲೆಕ್ಕಕ್ಕೆಂದು 5,000 ಕಿಲೋ ತೂಗುವ ಒಂದು ಸಣ್ಣ ಬಸ್ಸನ್ನು ತೆಗೆದುಕೊಳ್ಳೋಣ. ಎಡ ಬಲ ಗಾಲಿಗಳ ನಡುವೆ 1.8 ಮೀಟರ್, ಗುರುತ್ವ ಕೇಂದ್ರ ನೆಲದಿಂದ ಒಂದು ಮೀಟರ್ ಮೇಲಿದೆ. ಇಂಥ ಬಸ್ಸು ಸುಮಾರು 42 ಡಿಗ್ರಿ ವಾಲುವವರೆಗೆ ಉರುಳದು. ಈಗ 3.3 ಮೀಟರ್ ಎತ್ತರದಲ್ಲಿ 200 ಕಿಲೋ ಅಟ್ಟ, ಅದರ ಮೇಲೆ ತಲಾ 60 ಕಿಲೋದ ಹತ್ತು ಮಂದಿ. ಗುರುತ್ವ ಕೇಂದ್ರ 1.3 ಮೀಟರಿಗೆ ಏರುತ್ತದೆ, ಉರುಳುವ ಕೋನ 34 ಡಿಗ್ರಿಗೆ ಇಳಿಯುತ್ತದೆ. ಇದೇ ಹತ್ತು ಮಂದಿ ಒಳಗೆ ಕುಳಿತಿದ್ದರೆ ಕೋನ ಇಷ್ಟು ಇಳಿಯುತ್ತಿರಲಿಲ್ಲ. ತೂಕಕ್ಕಿಂತ, ತೂಕ ಎಲ್ಲಿ ಕುಳಿತಿದೆ ಎಂಬುದೇ ಇಲ್ಲಿ ಮುಖ್ಯ.

34 ಸಾಲದೆ ಎನ್ನಬಹುದು. ನಿಂತ ಬಸ್ಸಿಗೆ ಧಾರಾಳ ಸಾಕು. ಓಡುವ ಬಸ್ಸಿನ ಸಂಗತಿ ಬೇರೆ. ಸ್ಪ್ರಿಂಗುಗಳ ಮೇಲೆ ಕುಳಿತ ಬಸ್ಸು ತಲೆಭಾರವಾದಷ್ಟೂ ತಾನೇ ಇನ್ನಷ್ಟು ವಾಲುತ್ತದೆ. ಸೇಡಂ, ಚಿತ್ತಾಪುರದ ಕರಿ ಮಣ್ಣು ಮಳೆಗೆ ನೆನೆದಾಗ ರಸ್ತೆಯಂಚಿನಲ್ಲಿ ಒಂದು ಮಗ್ಗುಲಿನ ಗಾಲಿಗಳು ಒಂದಡಿ ಹುದುಗಿದರೆ ಹತ್ತು ಡಿಗ್ರಿ ಅಲ್ಲೇ ಹೋಯಿತು. ತಿರುವಿನಲ್ಲಿ ವೇಗ 20ರಿಂದ 40 ಕಿಲೋಮೀಟರಿಗೆ ಏರಿದರೆ ಪಕ್ಕಕ್ಕೆ ತಳ್ಳುವ ಬಲ ಎರಡರಷ್ಟಲ್ಲ, ನಾಲ್ಕರಷ್ಟು! ಮೇಲೆ ಕುಳಿತವನಿಗೆ ಹಿಡಿಯಲು ಸಿಗುವುದು ಪಕ್ಕದವನ ಅಂಗಿ ಮಾತ್ರ.

ಇನ್ನು ತಂತಿಗಳು. ವಾಡಿಯ ಕಡೆಗೆ ಹೋಗುವ, ಮಳಖೇಡ ರೋಡ್ ನಿಲ್ದಾಣದ ರೈಲುಮಾರ್ಗಕ್ಕೂ ಈಗ ವಿದ್ಯುತ್ತು ಬಂದಿದೆ. 25,000 ವೋಲ್ಟಿನ ತಂತಿಯನ್ನು ಮುಟ್ಟಲೇಬೇಕೆಂದಿಲ್ಲ, ಹತ್ತಿರ ಹೋದರೂ ಕಿಡಿ ಹಾರಿ ಬರುತ್ತದೆ. ಗೇಟು ದಾಟುವಾಗ ಬಸ್ಸಿನ ಮೇಲೆ ಎದ್ದು ನಿಂತ ಹುಡುಗನಿಗೆ ಇದು ತಿಳಿದಿರುವುದಿಲ್ಲ.

ಕಾನೂನೂ ಸುಮ್ಮನಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 123ನೇ ಕಲಂ ವಾಹನದ ಮೇಲೆ ಕುಳಿತು ಪ್ರಯಾಣಿಸುವುದನ್ನು ನಿಷೇಧಿಸುತ್ತದೆ. ತಯಾರಕರು ಕೊಟ್ಟ ರೂಪವನ್ನು ಮನಬಂದಂತೆ ಬದಲಿಸುವುದನ್ನು 52ನೇ ಕಲಂ ತಡೆಯುತ್ತದೆ. ಹಾಗಾದರೆ 2021ರಿಂದ ಮೈಸೂರಿನಲ್ಲಿ ಓಡಾಡಿದ ಪ್ರವಾಸೋದ್ಯಮ ನಿಗಮದ 'ಅಂಬಾರಿ' ಬಸ್ಸು? ಅದರ ಮೇಲಂತಸ್ತು ಬಯಲೇ ಅಲ್ಲವೆ? ಹೌದು, ಆದರೆ ಅದು ಎರಡಂತಸ್ತಿನದಾಗಿಯೇ ಹುಟ್ಟಿದ ಬಸ್ಸು, ಆಮೇಲೆ ಅಂಟಿಸಿದ್ದಲ್ಲ. ಲಂಡನ್ನಿನ ಎರಡಂತಸ್ತಿನ ಬಸ್ಸುಗಳನ್ನು ಪರೀಕ್ಷಿಸುವ ಕ್ರಮ ಇನ್ನೂ ಸೊಗಸು: ಮೇಲಂತಸ್ತಿಗೆ ಪ್ರಯಾಣಿಕರಷ್ಟೇ ತೂಕ ಹೇರಿ, ಕೆಳಗೆ ಖಾಲಿ ಬಿಟ್ಟು, ಇಡೀ ಬಸ್ಸನ್ನು 28 ಡಿಗ್ರಿ ವಾಲಿಸುತ್ತಾರೆ. ಉರುಳಬಾರದು.

ಈ ಪರೀಕ್ಷೆಯನ್ನು ಮನೆಯಲ್ಲೂ ಮಾಡಬಹುದು. ಒಂದು ಬೆಂಕಿಪೊಟ್ಟಣವನ್ನು ಅದರ ಸಣ್ಣ ಮುಖದ ಮೇಲೆ ನಿಲ್ಲಿಸಿ, ನಾಲ್ಕು ನಾಣ್ಯಗಳನ್ನು ಮೊದಲು ಒಳಗೆ ತಳದಲ್ಲಿ, ಆಮೇಲೆ ನೆತ್ತಿಯ ಮೇಲೆ ಅಂಟಿಸಿ, ಜಾರದಂತೆ ಉಜ್ಜುಕಾಗದ ಹಾಸಿದ ಹಲಗೆಯನ್ನು ಮೆಲ್ಲಗೆ ಎತ್ತಬೇಕು. ಕೋನಮಾಪಕದಲ್ಲಿ ಎರಡೂ ಕೋನ ಅಳೆದು ಬರೆದ ಚೀಟಿಯನ್ನು, ಜಾತ್ರೆಗೆ ಹೊರಟ ಟೆಂಪೊ ಬಾಗಿಲಿಗೆ ಬರುವ ಮೊದಲು, ಆ ತಂದೆಯ ಕೈಗೆ ಕೊಡಬಹುದು.