ಕೀಲು ಬಿಡಿಸುವ ಆಟ

ಮೂವತ್ತು ವರ್ಷ ಮಕ್ಕಳಿಗೆ ಸಂಧಿ ಬಿಡಿಸುವುದನ್ನು ಕಲಿಸಿ ನಿವೃತ್ತನಾದ ಕನ್ನಡ ಮೇಷ್ಟ್ರು ನಾನು. ಈ ವಯಸ್ಸಿಗೆ ಮೈಯ ಸಂಧಿಗಳೇ ಪಾಠ ಹೇಳಲು ಶುರು ಮಾಡುತ್ತವೆ ಅನ್ನುತ್ತಾರೆ. ನನಗೆ ಪಾಠ ಶುರುವಾದದ್ದು ಮಗಳ ನೋಟ್ ಬುಕ್ಕಿನಿಂದ. ನರ್ಸಿಂಗ್ ಓದುವ ಅವಳು ರಜಕ್ಕೆ ಮಧುಗಿರಿಗೆ ಬಂದಾಗಲೆಲ್ಲ ಮಹಡಿ ಹತ್ತಿ, ಏಕಶಿಲಾ ಬೆಟ್ಟಕ್ಕೆ ಮುಖ ಮಾಡಿ, ‘ಆಸ್ಟಿಯೋ ಅಂದ್ರೆ ಮೂಳೆ, ಆರ್ಥ್ರೋ ಅಂದ್ರೆ ಕೀಲು, ಮಯೋ ಅಂದ್ರೆ ಸ್ನಾಯು’ ಎಂದು ಮಗ್ಗಿ ಒದರಿದಂತೆ ಒದರುತ್ತಿದ್ದಳು. ಒಂದು ಸಂಜೆ ಇಣುಕಿದರೆ, ಮೂಳೆ ಮೆತ್ತಗಾಗುವ ಆಸ್ಟಿಯೋಮಲೇಸಿಯಾ ಅವಳ ಪುಟದಲ್ಲಿ ಆಸ್ಟಿಯೋಮಲೇಷ್ಯಾ ಆಗಿತ್ತು.

‘ಏನಮ್ಮಾ, ಮೂಳೆ ಫಾರಿನ್ನಿಗೆ ಹೋಯ್ತಾ?’ ಅಂದೆ.

‘ನಗಬೇಡಿ ಅಪ್ಪ, ತಗೊಳ್ಳಿ, ನೀವೇ ಬಾಯಿಪಾಠ ಮಾಡಿ ನೋಡೋಣ’ ಎಂದು ಪುಸ್ತಕವನ್ನೇ ಕೈಗೆ ತುರುಕಿದಳು. ಅಲ್ಲಿಗೆ ಕೆಟ್ಟೆ.

ನೋಡಿದರೆ ಅದೆಲ್ಲ ನನ್ನದೇ ಸಾಮಾನು. ಆರ್ಥ್ರೋ ಮುಂದೆ ಉರಿಯೂತದ ಐಟಿಸ್ ಬಂದರೆ ಆರ್ಥ್ರೈಟಿಸ್. ಎದುರಿಗೆ ಸ್ವರ ಬಂತು, ಹಿಂದಿನ ಓಕಾರ ಉದುರಿತು. ಊರು, ಅಲ್ಲಿ ಕೂಡಿ ಊರಲ್ಲಿ ಆದ ಹಾಗೆ ಲೋಪಸಂಧಿ. ಮುಂದೆ ಸ್ಕೋಪಿ ಬಂದರೆ ಓಕಾರ ಕದಲುವುದಿಲ್ಲ, ಆರ್ಥ್ರೋಸ್ಕೋಪಿ. ಸರಿ, ಹಾಗಾದರೆ ಆಸ್ಟಿಯೋ ಪಕ್ಕದಲ್ಲಿ ಆರ್ಥ್ರೈಟಿಸ್ ಬಂದು ಕೂತಾಗ ಯಾಕೆ ಓಕಾರ ಬೀಳಲಿಲ್ಲ? ಮಗಳ ಪುಸ್ತಕ ಅದಕ್ಕೂ ಉತ್ತರ ಇಟ್ಟಿತ್ತು: ಎರಡು ಮೂಲಪದಗಳು ಕೂಡುವಾಗ ಸ್ವರ ಎದುರಾದರೂ ಓ ಉಳಿಯುತ್ತದೆ. ನಾನು ಕುರ್ಚಿಯಿಂದ ಎದ್ದೇ ಬಿಟ್ಟೆ. ಸಂಧಿ ಆಗಬೇಕಾದ ಕಡೆ ಆಗದೆ ನಿಲ್ಲುವುದನ್ನು ಪ್ರಕೃತಿಭಾವ ಎಂದು ಎಷ್ಟು ವರ್ಷ ಬೋರ್ಡಿನ ಮೇಲೆ ಬರೆದಿಲ್ಲ! ಆದೇಶವೂ ಸಿಕ್ಕೀತೇ ಎಂದು ವಾರ ಹುಡುಕಿದೆ. ಸೊಂಟದ ಮುಂಭಾಗದಲ್ಲಿ ಸಿಕ್ಕಿತು: ಸಿನ್, ಫೈಸಿಸ್ ಸೇರಿ ಸಿಂಫೈಸಿಸ್, ನಕಾರಕ್ಕೆ ಮಕಾರ. ನಮ್ಮ ಕೊರಟಗೆರೆಯಲ್ಲಿ ಕೆರೆ ಗೆರೆಯಾಗಿ ಕೂತಿಲ್ಲವೇ, ಹಾಗೆ. ವೈದ್ಯಪದಗಳ ಹುಟ್ಟನ್ನು ಕನ್ನಡದಲ್ಲಿ ಬಿಡಿಸಿ ಬರೆದ ಡಾ. ಡಿ.ಎಸ್. ಶಿವಪ್ಪನವರಂಥ ಹಿರಿಯರಿಗೆ ಇದೆಲ್ಲ ಹಳೆಯ ಸಂಗತಿ. ನನಗೆ ಮಾತ್ರ ಹೊಸ ಹುಚ್ಚು.

ಹುಚ್ಚು ಬಸ್ಸಿಗೂ ಹತ್ತಿತು. ಗ್ರೀಕಿನ ಆಸ್ಟಿಯಾನ್, ಸಂಸ್ಕೃತದ ಅಸ್ಥಿ ಒಂದೇ ಬಳ್ಳಿಯ ಕಾಯಿಗಳು. ಲ್ಯಾಟಿನ್ನಿನ ಜೆನುವೂ ಜಾನುವೂ ಅದೇ ಮಂಡಿ. ಆಜಾನುಬಾಹು ಎಂದು ಹೊಗಳುವಾಗ ಕೈ ಮುಟ್ಟುವುದು ಅಲ್ಲಿಗೇ. ಕ್ರೇನಿಯಂ ಮತ್ತು ಶಿರಸ್ಸು ಕೂಡ ನೆಂಟರೇ ಎಂದು ತಿಳಿದ ಮೇಲೆ ಶಿರಾ ಬಸ್ಸಿನ ಬೋರ್ಡು ಕಂಡರೆ ನನಗೆ ತಲೆಬುರುಡೆ ನೆನಪಾಗುತ್ತದೆ. ಶಿರಾದವರು ಬೇಜಾರು ಮಾಡಿಕೊಳ್ಳಬಾರದು, ಊರಿನ ಹೆಸರಿನ ಮೂಲ ಹೇಳುತ್ತಿಲ್ಲ, ನೆನಪು ಕಟ್ಟುವುದಕ್ಕೊಂದು ಗೂಟ ಅಷ್ಟೆ. ಬೆನ್ನಿನ ತುದಿಯ ಬಾಲದೆಲುಬಿಗೆ ಕಾಕ್ಸಿಕ್ಸ್ ಎಂದು ಹೆಸರು ಬಂದದ್ದು ಅದು ಕೋಗಿಲೆಯ ಕೊಕ್ಕಿನಂತೆ ಕಂಡದ್ದಕ್ಕೆ. ಗಟ್ಟಿಮುಟ್ಟಾದ ಕಂಡಕ್ಟರೂ ಟಿಕೆಟ್ ಹರಿಯುತ್ತ ಒರಗಿ ನಿಂತಾಗ ಹಿಂದೊಂದು ಕೋಗಿಲೆ ಇಟ್ಟುಕೊಂಡಿರುತ್ತಾನೆ!

ನನಗೆ ಬಹಳ ಪ್ರಿಯವಾದದ್ದು ಮಯೋ. ಗ್ರೀಕಿನಲ್ಲಿ ಸ್ನಾಯುವಿಗೂ ಇಲಿಗೂ ಒಂದೇ ಪದ. ನಮ್ಮ ಮೂಷಿಕ ಅದರ ದಾಯಾದಿ. ಮಸಲ್ ಪದದ ಲ್ಯಾಟಿನ್ ಮೂಲಕ್ಕೂ ಪುಟ್ಟ ಇಲಿ ಎಂದೇ ಅರ್ಥ. ರಟ್ಟೆ ಮಡಚಿದರೆ ಚರ್ಮದಡಿ ಇಲಿ ಓಡಿದಂತೆ ಅವರಿಗೆ ಕಂಡಿತಂತೆ. ನಮ್ಮವರು ರಟ್ಟೆ ಬಿಟ್ಟು ಕಾಲು ನೋಡಿದರು, ಅಲ್ಲಿ ಮೀನು ಕಂಡರು: ಮೀನಖಂಡ. ಮಂಡಿಯ ಮೇಲಿನ ಪಟೆಲ್ಲಾ ಅವರಿಗೆ ಪುಟ್ಟ ತಟ್ಟೆ, ನಮಗೆ ಚಿಪ್ಪು. ಬೆರಳಿನ ಗೆಣ್ಣಂತೂ ಕಬ್ಬಿನ ಗೆಣ್ಣೇ. ಹೆಸರಿಟ್ಟವರೆಲ್ಲ ಅಡುಗೆಮನೆ, ಹೊಲ, ಕೆರೆ ಸುತ್ತಿ ಬಂದವರೇ, ಪಂಡಿತರಲ್ಲ.

ನಮ್ಮತ್ತೆಯ ಊರು ಪಾವಗಡದಿಂದಾಚೆ, ಆಂಧ್ರಕ್ಕೆ ಅಂಟಿಕೊಂಡಿದೆ. ಅವರ ಕನ್ನಡದಲ್ಲಿ ಅರ್ಧ ತೆಲುಗು. ‘ಕೀಳ್ಳು ಪಟ್ಟುಕುನ್ನಾಯಿ’ ಅನ್ನುತ್ತಾರೆ, ಕೀಲು ಹಿಡಿದುಕೊಂಡಿವೆ ಎಂದು. ಬಾಗಿಲಿಗೂ ಗಾಡಿಗೂ ಸಲ್ಲುವ ಕೀಲು. ಅದನ್ನೇ ಹೇಳುವ ಆಂಕಿಲೋಸಿಸ್ ಎಂಬ ಪದ ನಾನು ಕಲಿತದ್ದು ಅವರ ಮಾತು ಕೇಳಿದ ಎಷ್ಟೋ ವರ್ಷಕ್ಕೆ. ಆ ಸೀಮೆಯ ಕೊಳವೆಬಾವಿಗಳಲ್ಲಿ ಬಂಡೆಯಿಂದ ಕರಗಿ ಬರುವ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು, ಅಲ್ಲಿ ದಾಟಿದ್ದು ಹಳೆಯ ಸುದ್ದಿ. ಈಗ ಕಾಯಿನ್ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕಗಳು ಬಂದಿವೆ. ಅತ್ತೆ ಕುಡಿದದ್ದು ಅದಕ್ಕೂ ಹಿಂದಿನ ಐವತ್ತು ವರ್ಷದ ನೀರು. ಫ್ಲೋರೈಡ್ ತರುವ ಮೂಳೆ, ಕೀಲುಗಳ ಈ ಕಾಯಿಲೆಯನ್ನು ನಮ್ಮ ದೇಶದಲ್ಲಿ ಮೊದಲು ಗುರುತಿಸಿದ್ದು 1937ರಲ್ಲಿ, ನೆಲ್ಲೂರು ಕಡೆ. ಹೆಸರಿಟ್ಟು ಇಷ್ಟು ಕಾಲವಾಯಿತು. ಹಿಂದಿನಿಂದ ಕೂಗಿದರೆ ಅತ್ತೆ ಕತ್ತು ತಿರುಗಿಸಲಾರರು. ನಿಧಾನಕ್ಕೆ ಇಡೀ ಮೈಯನ್ನೇ ತಿರುಗಿಸಿ ನೋಡುತ್ತಾರೆ.

ಹೋದ ಮಾಗಿಯಲ್ಲಿ ಬಂದಿದ್ದರು, ಎಕ್ಸ್‌ರೇ ಲಕೋಟೆಯ ಜೊತೆ ಒಂದು ಚೀಲ ಕಡಲೆಕಾಯಿ. ನೆಲಕ್ಕೆ ಕೂರಲಾಗುವುದಿಲ್ಲ, ಸ್ಟೂಲಿನ ಮೇಲೆ ಕೂತು, ಮೊರವನ್ನು ತೊಡೆಯ ಮೇಲಿಟ್ಟು ಸುಲಿಯುತ್ತಿದ್ದರು. ಹೆಬ್ಬೆರಳು ಮಾತ್ರ ಇನ್ನೂ ಚುರುಕು. ಸಿಪ್ಪೆಯ ಮೂತಿಯನ್ನು ಒತ್ತಿದರೆ ಟಪ್ ಎಂದು ಎರಡು ಹೋಳು. ಮಗಳು ರಿಪೋರ್ಟ್ ಬಿಚ್ಚಿದಳು. ಪುಸ್ತಕ ನೋಡದೆ ಬಿಡಿಸಿದಳು: ‘ಆಸ್ಟಿಯೋ, ಎಲುಬು. ಸ್ಕ್ಲೆರೋಸಿಸ್, ಗಟ್ಟಿಯಾಗೋದು.’ ತಪ್ಪಿಲ್ಲದ ವಿಗ್ರಹ. ಶಾಲೆಯಲ್ಲಾಗಿದ್ದರೆ ಭೇಷ್ ಅನ್ನುತ್ತಿದ್ದೆ.

‘ಎಲುಬು ಗಟ್ಟಿ ಐತೆ ಅಂದ್ರೆ ಒಳ್ಳೇದೇ ಅಲ್ವೇನಮ್ಮಿ?’ ಅಂದರು ಅತ್ತೆ.

ಮಗಳು ನನ್ನ ಮುಖ ನೋಡಿದಳು. ಅತ್ತೆಯೂ ಮೊರ ಹಿಡಿದುಕೊಂಡೇ ಇಡೀ ಮೈ ತಿರುಗಿಸಿ ನನ್ನತ್ತ ನೋಡಿದರು. ನಾನು ಕುರ್ಚಿ ಹತ್ತಿರ ಎಳೆದುಕೊಂಡು, ಮೊರದಿಂದ ಒಂದು ಬೊಗಸೆ ತೆಗೆದುಕೊಂಡು ಸುಲಿಯತೊಡಗಿದೆ.